ಕುವೈತಿನಲ್ಲಿ ಅದಲುಬದಲಾದ ಪೆಟ್ಟಿಗೆ

ವಿಮಾನ ನಿಲ್ದಾಣ

ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ವಿದೇಶಿ ಸುದ್ದಿಯ ಪುಟ ನೋಡಿಕೊಳ್ಳುತ್ತಿದ್ದೇನೆ. ವಿದೇಶವನ್ನು ಮಾತ್ರ ನೋಡಿರಲಿಲ್ಲ. ಏಜೆನ್ಸಿಯವರು ಇಂಗ್ಲಿಷಿನಲ್ಲಿ ಕಳಿಸಿದ್ದನ್ನು ಕನ್ನಡಕ್ಕೆ ತರುವುದು, ಜಾಹೀರಾತು ಹೋಗಿ ಉಳಿದ ಜಾಗಕ್ಕೆ ಕತ್ತರಿಸಿ ಕೂರಿಸುವುದು, ಇಷ್ಟೇ ನನ್ನ ಕೆಲಸ. ಗಾಜಾ ಯುದ್ಧ ಶುರುವಾದ ದಿನ ಗಡಿಯಾಚೆಯ ಇಸ್ರೇಲಿ ಊರುಗಳಲ್ಲಿ ಸತ್ತವರ, ಒತ್ತೆಯಾಳುಗಳಾಗಿ ಹೋದವರ ಸುದ್ದಿಯನ್ನು ನಾನೇ ಬರೆದೆ. ಮರುದಿನದಿಂದ ಗಾಜಾದ ಮೇಲೆ ಬಿದ್ದ ಬಾಂಬುಗಳ ಸುದ್ದಿಯನ್ನೂ ನಾನೇ ಬರೆದೆ. ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಸೇರತೊಡಗಿತು.

ಕುವೈತಿಗೆ ಹೋದದ್ದು ಇದಕ್ಕಲ್ಲ. ಅಲ್ಲಿನ ಕನ್ನಡಿಗರ ಸಂಘವೊಂದು ರಾಜ್ಯೋತ್ಸವಕ್ಕೆ ಭಾಷಣ ಮಾಡಲು ಕರೆದಿತ್ತು. ನಮ್ಮ ಚಿಕ್ಕಪ್ಪನ ಮಗ ಬಸವರಾಜ ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಾನೆ. ಅರ್ದಿಯಾದ ಒಂದು ವರ್ಕ್‌ಶಾಪಿನಲ್ಲಿ ಟೆಕ್ನಿಶಿಯನ್. ಸಂಘದವರಿಗೆ ನನ್ನ ಹೆಸರು ಹೇಳಿದವನೂ ಅವನೇ. ಹತ್ತು ದಿನ ಇದ್ದು ಹೋಗು ಅಂದ. ರಜೆ ಹಾಕಿ ಮುಂಬಯಿಯಿಂದ ವಿಮಾನ ಹತ್ತಿದೆ.

ಕುವೈತಿನಲ್ಲಿ ಇಳಿದದ್ದು ಬೆಳಿಗ್ಗೆ. ಸಾಮಾನು ಬರುವ ಪಟ್ಟಿಯ ಸುತ್ತ ಎರಡು ವಿಮಾನದ ಜನ ಕಲೆತಿದ್ದರು, ನಮ್ಮದು ಮತ್ತು ಅಮ್ಮಾನಿನಿಂದ ಬಂದದ್ದು. ನಮ್ಮವರು ಪಟ್ಟಿಗೆ ಮೊಣಕಾಲು ತಾಗಿಸಿ ನಿಂತರೆ ಅವರು ಹಿಂದೆ ನಿಂತು ಪರಸ್ಪರ ಕೆನ್ನೆಗೆ ಕೆನ್ನೆ ಹಚ್ಚಿ ಮಾತಾಡಿಸುತ್ತಿದ್ದರು. ನನ್ನ ನೀಲಿ ಪೆಟ್ಟಿಗೆ ಬಂತು. ಗುರುತಿಗೆಂದು ಹಿಡಿಕೆಗೆ ಕೆಂಪು ರಿಬ್ಬನ್ ಕಟ್ಟಿದ್ದೆ. ಅದೇ ಉಪಾಯ ಜಗತ್ತಿನಲ್ಲಿ ಇನ್ನೊಬ್ಬರಿಗೂ ಹೊಳೆದಿರಬಹುದು ಎಂದು ನನಗೆ ಅನ್ನಿಸಲಿಲ್ಲ. ಎತ್ತಿಕೊಂಡು ಹೊರಟೆ. ಯಾರೂ ಚೀಟಿ ಕೇಳಲಿಲ್ಲ.

ಮಹಬೂಲಾ

ಬಸವರಾಜನ ಮನೆ ಮಹಬೂಲಾದಲ್ಲಿ, ಹನ್ನೊಂದನೇ ಮಹಡಿ. ಕಿಟಕಿಯಿಂದ ಸಮುದ್ರ ಒಂದು ಗೇಣಿನಷ್ಟು ಕಾಣುತ್ತದೆ, ಉಳಿದದ್ದು ಎದುರಿನ ಕಟ್ಟಡದ ಎಸಿ ಡಬ್ಬಿಗಳು. ಗಾಳಿಯಲ್ಲಿ ಧೂಳು ತುಂಬಿ ಆಕಾಶ ನಮ್ಮ ಕಡೆಯ ಗೋಧಿ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಬಸವರಾಜನ ಹೆಂಡತಿ ಸವಿತಾ ಗದಗದ ಕಡೆಯವಳು. ಹತ್ತು ವರ್ಷದ ಮಗಳು ಅನನ್ಯಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿ ಶಾಲೆಗೆ ಹೋದಳು.

ಪೆಟ್ಟಿಗೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಫೇಡೆ ಇವೆ, ತಗೀ ಎಂದು ಸವಿತಾಗೆ ಹೇಳಿ ನಾನು ಮಲಗಿಬಿಟ್ಟೆ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ.

ಎದ್ದಾಗ ಮಧ್ಯಾಹ್ನ ಎರಡು ಗಂಟೆ. ಸವಿತಾ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾರ, ರೊಟ್ಟಿ ಯಾವ ಬ್ಯಾಗಿನ್ಯಾಗ ಅದಾವ್ರಿ? ಇದರಾಗ ಬರೇ ಅರಬಿ ಕಾಗದ ಅದಾವ."

ಹೋಗಿ ನೋಡಿದೆ. ಪೆಟ್ಟಿಗೆ ನನ್ನದಲ್ಲ. ಒಂದು ದಪ್ಪ ಆಸ್ಪತ್ರೆಯ ಫೈಲು, ಹೆಂಗಸಿನ ಹಳೆಯ ಚಪ್ಪಲಿ, ಜಪಸರ, ನರೆಗೂದಲು ಸಿಕ್ಕಿಕೊಂಡ ಬಾಚಣಿಗೆ, ಔಷಧಿಯ ಡಬ್ಬಿಗಳು. ಮುಚ್ಚಳದ ಒಳಗೆ ಇಂಗ್ಲಿಷಿನಲ್ಲಿ ಒಂದು ಹೆಸರು, ಫೋನ್ ನಂಬರು. ಪುಣ್ಯಕ್ಕೆ ಕುವೈತಿನದೇ ನಂಬರು.

ಆಗ ಸವಿತಾ ಹೇಳಿದಳು. ಪೆಟ್ಟಿಗೆಯ ಮೇಲುಗಡೆಯೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ ನೈಟಿ ಇತ್ತಂತೆ. ಪ್ರಯಾಣದಲ್ಲಿ ಕೊಳೆ ಬಟ್ಟೆಯನ್ನು ಹಾಗೆಯೇ ತಾನೇ ನಾವೆಲ್ಲ ಕಟ್ಟುವುದು. ಅಕ್ಕಾರದು ಎಂದು ತಿಳಿದು ಮಷಿನ್ನಿಗೆ ಹಾಕಿದ್ದಳು. ಕಲೆ ಹೋಗದ್ದನ್ನು ಕಂಡು ಎರಡನೇ ಸಲ ಡೆಟ್ಟಾಲಿನ ನೀರಿನಲ್ಲಿ ನೆನೆಸಿ, ಮಲ್ಲಿಗೆ ವಾಸನೆಯ ದ್ರವ ಬೆರೆಸಿ ಹಿಂಡಿದ್ದಳು. ಇಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ದಂಡ. ಹಾಗಾಗಿ ಅದು ಎಸಿಯ ಕೆಳಗೆ ಸ್ಟ್ಯಾಂಡಿನ ಮೇಲೆ ತೂಗುತ್ತಿತ್ತು. ಸಣ್ಣ ನೀಲಿ ಹೂವಿನ ಹತ್ತಿಯ ಗೌನು, ಕುತ್ತಿಗೆಯ ಹತ್ತಿರ ಕೈಹೊಲಿಗೆಯ ತೇಪೆ.

"ಆತ್ ಬಿಡ್ರಿ, ಒಗದದ್ದು ಛಲೋನ ಆತು. ಇಸ್ತ್ರಿ ಮಾಡಿ ಕೊಡ್ತೀನಿ," ಅಂದಳು. ನನಗೂ ಹಾಗೆಯೇ ಅನ್ನಿಸಿತು. ಬೇರೆಯವರ ಪೆಟ್ಟಿಗೆ ಬಿಚ್ಚಿದ್ದಕ್ಕೆ ಇದೊಂದು ಸಣ್ಣ ಸಮಾಧಾನ.

ನಂಬರಿಗೆ ಫೋನ್ ಮಾಡಿದೆ. ನಾದಿಯಾ ಎಂಬ ಹೆಂಗಸು ಎತ್ತಿಕೊಂಡರು. ಇಂಗ್ಲಿಷ್ ಚೆನ್ನಾಗಿತ್ತು. ನಾನು ಹೇಳಿ ಮುಗಿಸುವ ಮೊದಲೇ ಅವರು ದೇವರಿಗೆ ಕೃತಜ್ಞತೆ ಹೇಳಿದರು. ಬೆಳಗಿನಿಂದ ವಿಮಾನ ನಿಲ್ದಾಣಕ್ಕೆ ಹದಿನೈದು ಸಲ ಫೋನ್ ಮಾಡಿದ್ದರಂತೆ. ನನ್ನ ಪೆಟ್ಟಿಗೆ ಅವರ ಹತ್ತಿರವೇ ಇತ್ತು. ಮೇಲಿನ ರೊಟ್ಟಿಯ ಡಬ್ಬಿ ಕಂಡ ಕೂಡಲೇ ಮುಚ್ಚಿಟ್ಟೆ, ಏನನ್ನೂ ಮುಟ್ಟಿಲ್ಲ ಅಂದರು.

ಮಿರ್ಕಾಬ್

ಚೀಟಿಗಳನ್ನು ತಾಳೆ ನೋಡಿ ಸಹಿ ಹಾಕಿಸಿಕೊಳ್ಳದೆ ಪೆಟ್ಟಿಗೆ ಬದಲಿಸುವಂತಿಲ್ಲ ಎಂದು ವಿಮಾನದವರು ಮಿರ್ಕಾಬ್‌ನ ತಮ್ಮ ಕಚೇರಿಗೆ ಬರಹೇಳಿದರು. ಮರುದಿನ ಬೆಳಿಗ್ಗೆ ಬಸವರಾಜ ಕೆಲಸಕ್ಕೆ ಹೋಗುವಾಗ ನಮ್ಮನ್ನು ಅಲ್ಲಿ ಇಳಿಸಿದ. ಹೊಸ ಗಾಜಿನ ಗೋಪುರಗಳ ಬುಡದಲ್ಲಿ ಹಳೆಯ ವಾಚು ರಿಪೇರಿ ಅಂಗಡಿಗಳು, ಬಟ್ಟೆ ಅಂಗಡಿಗಳು. ಫುಟ್‌ಪಾತಿನಲ್ಲಿ ನಡೆಯುತ್ತಿದ್ದವರೆಲ್ಲ ನಮ್ಮಂಥವರೇ. ಈ ದೇಶದವರು ಕಾರಿನಿಂದ ಇಳಿದು ನಡೆಯುವುದನ್ನು ನಾನು ಹತ್ತು ದಿನದಲ್ಲಿ ಬಹಳ ಕಡಿಮೆ ನೋಡಿದೆ.

ಬರುವ ಅಗತ್ಯ ಇರಲಿಲ್ಲ, ಆದರೂ ಸವಿತಾ ಬಂದಿದ್ದಳು. ಗೌನನ್ನು ಇಸ್ತ್ರಿ ಮಾಡಿ, ಅಂಗಡಿಯಲ್ಲಿ ಮಡಿಸುವ ಹಾಗೆ ಮಡಿಸಿ, ಎಲ್ಲದರ ಮೇಲಿಟ್ಟಿದ್ದಳು.

ನಾದಿಯಾ ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಕಪ್ಪು ಬಟ್ಟೆ, ಕಪ್ಪು ಸ್ಕಾರ್ಫು. ಕಣ್ಣ ಕೆಳಗೆ ಊದಿತ್ತು. ನನ್ನ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿ, ತಮ್ಮದನ್ನು ಅಲ್ಲೇ ನೆಲದ ಮೇಲೆ ಮಲಗಿಸಿ ಜಿಪ್ಪು ಎಳೆದರು. ಮೇಲಿದ್ದ ಗೌನನ್ನು ಪಕ್ಕಕ್ಕೆ ಸರಿಸಿ ಕೆಳಗೆ ಹುಡುಕಿದರು. ಅವರಿಗೆ ಅದರ ಗುರುತು ಹತ್ತಲಿಲ್ಲ.

"ಇಲ್ಲೊಂದು ಚೀಲ ಇತ್ತು," ಅಂದರು.

ಸವಿತಾ ಗೌನನ್ನು ತೋರಿಸಿ ತನಗೆ ಬರುವ ಇಂಗ್ಲಿಷ್ ಹಿಂದಿ ಬೆರೆಸಿ, ಇದೇ ಅದು, ತೊಳೆದಿದ್ದೇನೆ, ಕಲೆ ಪೂರ್ತಿ ಹೋಗಿದೆ ಎಂದು ಹೇಳಿದಳು. ಅವಳ ಮುಖದಲ್ಲಿ ಸಂತೋಷವಿತ್ತು.

ನಾದಿಯಾ ಗೌನನ್ನು ಎತ್ತಿ ಮುಖಕ್ಕೆ ಹಿಡಿದರು. ಕೆಳಗಿಳಿಸಿದರು. ಇನ್ನೊಮ್ಮೆ ತೋಳಿನ ಬಟ್ಟೆಯನ್ನು ಹಿಡಿದು ಮೂಸಿದರು. ಆಮೇಲೆ ನೆಲದ ಮೇಲೆಯೇ ಕುಳಿತುಬಿಟ್ಟರು. ಕೌಂಟರಿನ ಹುಡುಗಿ ಎದ್ದು ನಿಂತಳು.

"ಯಾವ ಸೋಪು?" ಎಂದು ಕೇಳಿದರು.

ಏಕೆ ಕೇಳಿದರೋ ಅವರಿಗೂ ಗೊತ್ತಿರಲಿಕ್ಕಿಲ್ಲ. ಸವಿತಾ ಸೋಪಿನ ಹೆಸರು ಹೇಳಿದಳು. ನಾದಿಯಾ ತಲೆಯಾಡಿಸಿದರು. ನಂತರ ನನ್ನ ಕಡೆ ತಿರುಗಿ, ಪಾಠ ಹೇಳುವವರಂತೆ ಒಂದೊಂದಾಗಿ ಹೇಳಿದರು. ಇದು ನನ್ನ ತಾಯಿಯದು. ಗಾಜಾದಲ್ಲಿದ್ದರು. ಮೂತ್ರಪಿಂಡದ ರೋಗ. ಏಳು ತಿಂಗಳು ಕಾದ ಮೇಲೆ ಹೊರಗೆ ಹೋಗಲು ಅನುಮತಿ ಸಿಕ್ಕಿತು. ಜೋರ್ಡಾನಿಗೆ ಕರೆತಂದರು. ನಾನು ಅಲ್ಲಿಗೆ ಹೋಗಿ ಹನ್ನೊಂದು ದಿನ ಜೊತೆಗಿದ್ದೆ. ಹನ್ನೆರಡನೇ ದಿನ ತೀರಿಕೊಂಡರು. ಅಮ್ಮಾನಿನಲ್ಲೇ ಮಣ್ಣು ಮಾಡಿದೆವು. ಗಾಜಾದಿಂದ ಬರುವಾಗ ಅವರು ತೊಟ್ಟಿದ್ದ ಬಟ್ಟೆ ಇದು. ನನ್ನ ತಮ್ಮ ಇನ್ನೂ ಗಾಜಾದ ಒಳಗೇ ಇದ್ದಾನೆ. ಅವನನ್ನು ಬಿಡಲಿಲ್ಲ. ಮಣ್ಣಿಗೂ ಬರಲಾಗಲಿಲ್ಲ. ಅವನು ನನ್ನ ಹತ್ತಿರ ಒಂದೇ ಒಂದು ಕೇಳಿದ್ದ, ಇದನ್ನು ಒಗೆಯಬೇಡ ಎಂದು.

ಯಾರನ್ನೂ ಬೈಯಲಿಲ್ಲ. ಸಹಿ ಹಾಕಿ, ಪೆಟ್ಟಿಗೆ ಎಳೆದುಕೊಂಡು ಹೊರಟುಹೋದರು. ನಾನು ಕ್ಷಮೆ ಕೇಳಿದೆನೆಂದು ನೆನಪು. ಅವರಿಗೆ ಕೇಳಿಸಿತೋ ಇಲ್ಲವೋ.

ಸವಿತಾಗೆ ಅವರ ಇಂಗ್ಲಿಷ್ ಅರ್ಧ ಮಾತ್ರ ಅರ್ಥವಾಗಿತ್ತು. ಉಳಿದರ್ಧವನ್ನು ನಾನು ಟ್ಯಾಕ್ಸಿಯಲ್ಲಿ ಕನ್ನಡದಲ್ಲಿ ಹೇಳಿದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ್ದೇನೆ. ಎದುರಿಗೆ ಕೂತವರಿಗೆ ಹೇಳಿದ್ದು ಅದೇ ಮೊದಲು.

ಮೂರು ದಿನ

ಆಮೇಲೆ ಮೂರು ದಿನ ಕುವೈತ್ ನೋಡಿದೆ. ಗೋಪುರ ನೋಡಿದೆ, ಮೀನು ಮಾರುಕಟ್ಟೆ ನೋಡಿದೆ. ಇರಾನಿ ಬೇಕರಿಯ ಮುಂದೆ ಸಾಲಿನಲ್ಲಿ ನಿಂತು ರೊಟ್ಟಿ ತಂದೆ. ನಮ್ಮ ರೊಟ್ಟಿಯ ನಾಲ್ಕು ಪಟ್ಟು ಅಗಲ, ಕಾಗದದಲ್ಲೂ ಸುತ್ತದೆ ಕೈಯಲ್ಲೇ ಕೊಡುತ್ತಾರೆ, ಜನ ಅದನ್ನು ಟವೆಲಿನಂತೆ ತೋಳಿನ ಮೇಲೆ ಹಾಕಿಕೊಂಡು ಹೋಗುತ್ತಾರೆ. ನದಿಯಿಲ್ಲದ ದೇಶ, ಸಮುದ್ರದ ಉಪ್ಪು ತೆಗೆದು ಮನೆಮನೆಗೆ ನೀರು. ನನ್ನ ಮನೆಯಿರುವ ಧಾರವಾಡದಲ್ಲಿ ವಾರಕ್ಕೊಮ್ಮೆ ನಳ ಬರುತ್ತದೆ. ಇಲ್ಲಿ ಕಾರು ತೊಳೆದ ನೀರು ಬೆಳಿಗ್ಗೆ ರಸ್ತೆಯುದ್ದಕ್ಕೂ ಹರಿದಿರುತ್ತದೆ.

ಸವಿತಾ ಎಲ್ಲಿಗೂ ಬರಲಿಲ್ಲ. ಮನೆಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು, ಮಷಿನ್ ಮುಟ್ಟಲಿಲ್ಲ. ಬಸವರಾಜ ಸಮಾಧಾನ ಮಾಡಲು ನೋಡಿದ. ಗೊತ್ತಿಲ್ಲದೆ ಆದದ್ದು, ಖಲಾಸ್, ಮುಗೀತು ಅಂದ. ಇಲ್ಲಿ ಹದಿನಾಲ್ಕು ವರ್ಷ ಬಾಳಿದವನಿಗೆ ಮುಗಿಯದ ಎಷ್ಟೋ ವಿಷಯಗಳನ್ನು ಆ ಒಂದು ಶಬ್ದದಿಂದ ಮುಗಿಸುವುದು ಅಭ್ಯಾಸವಾಗಿದೆ.

ಮೂರನೇ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಸವಿತಾ ತಾನಾಗಿಯೇ ಹೇಳಿದಳು. ಕೊರೊನಾದ ವರ್ಷ ಅವಳ ಅವ್ವ ಗದಗದಲ್ಲಿ ತೀರಿಕೊಂಡಾಗ ವಿಮಾನವೇ ಇರಲಿಲ್ಲ. ಅಣ್ಣ ಫೋನಿನಲ್ಲಿ ತೋರಿಸಿದ, ನಡುವೆ ನೆಟ್‌ವರ್ಕ್ ಹೋಯಿತು, ಮತ್ತೆ ಬರುವಷ್ಟರಲ್ಲಿ ಮಣ್ಣು ಹಾಕಿ ಆಗಿತ್ತು. ಒಂದೂವರೆ ವರ್ಷದ ಮೇಲೆ ಊರಿಗೆ ಹೋದರೆ ಅವ್ವನ ಸೀರೆಗಳನ್ನೆಲ್ಲ ಒಗೆದು ಹಂಚಿಬಿಟ್ಟಿದ್ದರು.

"ಆ ಸಂಕಟ ನನಗ ಗೊತ್ತಿತ್ರಿ ಅಕ್ಕಾರ. ಗೊತ್ತಿದ್ದಾಕಿನ ಮಾಡಿದೆ. ಆಕಿ ಮನೀಗ್ ಹೋಗಿ ಒಂದ್ ಮಾತ್ ಹೇಳೂತನಕ ನನಗ ಸಮಾಧಾನ ಇಲ್ಲ."

ನಾನು ನಾದಿಯಾಗೆ ಸಂದೇಶ ಕಳಿಸಿದೆ. ಬರಬಹುದೇ ಎಂದು ಕೇಳಿದೆ. ಇಡೀ ದಿನ ಉತ್ತರವಿಲ್ಲ. ಮರುದಿನ ವಿಳಾಸ ಬಂತು, ಜೊತೆಗೆ ಒಂದು ಸಾಲು: ತಮ್ಮನಿಗೆ ಹೇಳಿದ್ದೇನೆ, ಬನ್ನಿ.

ಹವಲ್ಲಿ

ನಾದಿಯಾ ಹವಲ್ಲಿಯಲ್ಲಿ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದ್ದರು. ಅವರು ಹುಟ್ಟಿದ್ದೂ ಅದೇ ಬಡಾವಣೆಯಲ್ಲಿ. ತಂದೆ ಇಲ್ಲಿ ಕೆಲಸಕ್ಕಿದ್ದರು. ತೊಂಬತ್ತರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಯುದ್ಧದ ನಂತರ, ಇರಾಕಿನ ಪರ ಇದ್ದರೆಂದು ಪ್ಯಾಲೆಸ್ತೀನಿಯರಿಗೆ ಇಲ್ಲಿ ಜಾಗವಿಲ್ಲದಂತಾಗಿ ಮನೆಯವರೆಲ್ಲ ಗಾಜಾಕ್ಕೆ ಹೋದರು. ದೊಡ್ಡವರಾಗಿ ಮದುವೆಯಾದ ಮೇಲೆ ನಾದಿಯಾ ತಿರುಗಿ ಬಂದರು. ನಾವು ಹೋದಾಗ ಗಂಡ ಕೆಲಸದ ಮೇಲೆ ಊರಲ್ಲಿರಲಿಲ್ಲ.

ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಸವಿತಾ ಅನ್ನ ಸಾರು ಪಲ್ಯ ಮಾಡಿ ಡಬ್ಬಿ ತಂದಿದ್ದಳು. ನಮ್ಮಲ್ಲಿ ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ತರುತ್ತಾರೆ. ಅವರಲ್ಲೂ ಹಾಗೆಯೇ ಎಂದು ನಾದಿಯಾ ಡಬ್ಬಿ ತೆಗೆದುಕೊಂಡರು. ಕೈಯಲ್ಲಿ ಹಿಡಿದರೆ ಕಾಣದಷ್ಟು ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟರು. ಸಕ್ಕರೆ ಇರಲಿಲ್ಲ. ದುಃಖದ ದಿನಗಳಲ್ಲಿ ಹಾಕುವುದಿಲ್ಲವಂತೆ. ಕಹಿಗೆ ನಾನು ಮುಖ ಹಿಂಡಿದ್ದನ್ನು ಕಂಡು ಅವರ ತುಟಿ ಸ್ವಲ್ಪ ಸಡಿಲವಾಯಿತು.

ಸವಿತಾ ದಾರಿಯಲ್ಲಿ ಕಲಿತುಕೊಂಡು ಬಂದಿದ್ದ ಇಂಗ್ಲಿಷ್ ವಾಕ್ಯ ಮರೆತುಹೋಗಿತ್ತು. ಕೊನೆಗೆ ಕನ್ನಡದಲ್ಲೇ ಹೇಳಿದಳು. ತಪ್ಪಾತು, ನಿಮ್ಮ ತಮ್ಮಗೂ ಹೇಳ್ರಿ, ಅಂದಳು. ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ನಾದಿಯಾ ಅವಳ ಕೈ ಹಿಡಿದುಕೊಂಡರು.

ತಮ್ಮನ ಹೆಸರು ಯೂಸುಫ್. ಅವನೂ ಪತ್ರಕರ್ತ. ಫೋಟೊ ತೆಗೆದು, ಸುದ್ದಿ ಬರೆದು ಹೊರಗಿನ ಏಜೆನ್ಸಿಗಳಿಗೆ ಕಳಿಸುತ್ತಾನೆ. ಹೊರಗಿನ ಪತ್ರಕರ್ತರನ್ನು ಗಾಜಾದೊಳಗೆ ಸ್ವತಂತ್ರವಾಗಿ ಬಿಡದ ಕಾರಣ ನನ್ನ ಮೇಜಿಗೆ ಬರುತ್ತಿದ್ದ ಸುದ್ದಿಗಳ ಬುಡದಲ್ಲಿ ಇದ್ದವರು ಅವನಂಥವರೇ. ಹಿಂದಿನ ಸಂಜೆ ಅವನು ಧ್ವನಿಸಂದೇಶ ಕಳಿಸಿದ್ದ. ಅದನ್ನು ಸವಿತಾಗೆ ಕೇಳಿಸಬೇಕೆಂದು ಅವನೇ ಹೇಳಿದ್ದನಂತೆ. ನಾದಿಯಾ ಫೋನನ್ನು ಮೇಜಿನ ಮೇಲಿಟ್ಟರು.

ಮೊದಲು ಕೇಳಿಸಿದ್ದು ಒಂದು ಝೇಂಕಾರ, ದೂರದಲ್ಲಿ ಹಿಟ್ಟಿನ ಗಿರಣಿ ನಡೆದ ಹಾಗೆ. ಡ್ರೋನ್, ಅಂದರು ನಾದಿಯಾ, ಯಾವಾಗಲೂ ಇರುತ್ತದೆ. ಆಮೇಲೆ ಒಬ್ಬ ಗಂಡಸಿನ ದಣಿದ ದನಿ. ಅವನು ಅರಬಿಯಲ್ಲಿ ಹೇಳುತ್ತ ಹೋದ, ನಾದಿಯಾ ನಿಲ್ಲಿಸಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದರು, ನಾನು ಸವಿತಾಗೆ ಕನ್ನಡದಲ್ಲಿ ಹೇಳಿದೆ.

ಅಮ್ಮನನ್ನು ಆಂಬುಲೆನ್ಸಿನವರೆಗೆ ಕತ್ತೆ ಗಾಡಿಯಲ್ಲಿ ಕರೆದೊಯ್ದನಂತೆ. ಮುರಿದ ಮನೆಗಳ ನಡುವೆ ದಾರಿ ಇರಲಿಲ್ಲ, ಗಾಡಿಯವನು ಎರಡು ಸಲ ತಿರುಗಿ ಬೇರೆ ಕಡೆಯಿಂದ ಹೋದ. ಅಮ್ಮ ಆ ಒಂದೇ ಗೌನಿನಲ್ಲಿ ತಿಂಗಳುಗಟ್ಟಲೆ ಇದ್ದಳು. ಡೇರೆಯಲ್ಲಿ ಸೋಪಿರಲಿಲ್ಲ. ನೀರಿಗೆ ಅವನು ಮುಂಜಾನೆ ಸಾಲಿನಲ್ಲಿ ನಿಲ್ಲುತ್ತಿದ್ದ, ಒಂದು ಕ್ಯಾನು ಸಿಕ್ಕರೆ ಅದು ಕುಡಿಯಲಿಕ್ಕೆ. ಒಂದು ಬೆಳಿಗ್ಗೆ ಆ ಸಾಲಿನ ಮೇಲೆಯೇ ಶೆಲ್ ಬಿತ್ತು. ಅವನ ಮುಂದೆ ಆರು ಜನ ಇದ್ದರು, ಒಬ್ಬರೂ ಏಳಲಿಲ್ಲ. ಕ್ಯಾನುಗಳಿಂದ ನೀರು ಸೋರುತ್ತಿತ್ತು, ಹಿಂದಿದ್ದವರು ಮೊದಲು ಆ ನೀರನ್ನು ಹಿಡಿದುಕೊಂಡರು, ಆಮೇಲೆ ಸತ್ತವರನ್ನು ಎತ್ತಿದರು. ತಾನೂ ಹಿಡಿದುಕೊಂಡೆ ಅಂದ.

ಇಲ್ಲಿ ನಾದಿಯಾ ಫೋನ್ ನಿಲ್ಲಿಸಿದರು. ಇದನ್ನು ಅವರೂ ಮೊದಲ ಸಲ ಕೇಳುವಾಗ ನಿಲ್ಲಿಸಿದ್ದರಂತೆ. ಆಮೇಲೆ ಮತ್ತೆ ಒತ್ತಿದರು.

ಆಂಬುಲೆನ್ಸು ಹೊರಡುವಾಗ ಅವನು ಅಮ್ಮನನ್ನು ಅಪ್ಪಿಕೊಳ್ಳಲು ಹೋದ. ಅವಳು ಕೈ ಅಡ್ಡ ಹಿಡಿದಳು. ಹತ್ತಿರ ಬರಬೇಡ, ನಾನು ನಾರುತ್ತೇನೆ, ಎಂದಳು. ಕುವೈತಿನಲ್ಲಿದ್ದಾಗ ದಿನಕ್ಕೆ ಎರಡು ಸಲ ಮಾಳಿಗೆಗೆ ಹೋಗಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಅವಳು.

ಕೊನೆಯ ಮಾತು ಸವಿತಾಗೆ. ನಾದಿಯಾ ಅದನ್ನು ಎರಡು ಸಲ ಕೇಳಿಸಿ ಅರ್ಥ ಹೇಳಿದರು:

"ಆ ತಂಗಿಗೆ ಹೇಳು. ಕೇಳಿ ಒಗೆಯಬೇಕಿತ್ತು. ಆದರೆ ನಾನು ಇಟ್ಟುಕೊಳ್ಳಬೇಕೆಂದಿದ್ದ ವಾಸನೆಗೆ ಅಮ್ಮ ನಾಚುತ್ತಿದ್ದಳು. ಅದು ನನಗೆ ಮೊದಲು ಹೊಳೆಯಲಿಲ್ಲ. ಈಗ ಅವಳ ಬಟ್ಟೆ ಮಡಿಯಾಗಿದೆ. ಹಾಗೇ ಇರಲಿ."

ನಾನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಸವಿತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾದಿಯಾ ಒಳಗೆ ಹೋಗಿ ನೀರು ತಂದರು.

ನಾನೂ ಪತ್ರಕರ್ತೆ ಎಂದು ನಾದಿಯಾ ತಮ್ಮನಿಗೆ ತಿಳಿಸಿದ್ದರು. ಅವನು ನನಗೊಂದು ಪ್ರಶ್ನೆ ಕಳಿಸಿದ್ದ. ನೀರಿನ ಸಾಲಿನ ಆ ಸುದ್ದಿಯನ್ನು ಅವನೇ ಬರೆದು ಕಳಿಸಿದ್ದನಂತೆ. ನಿಮ್ಮ ಭಾಷೆಯಲ್ಲಿ ಎಷ್ಟು ಸಾಲು ಬಂತು ಎಂದು ಕೇಳಿದ್ದ. ಮೊಬೈಲಿನಲ್ಲಿ ನಮ್ಮ ಪತ್ರಿಕೆಯ ಹಳೆಯ ಪುಟಗಳನ್ನು ಹುಡುಕಿದೆ. ಆ ವಾರ ನೀರಿನ ಸಾಲಿನ ಮೇಲೆ ದಾಳಿಯಾದ ಸುದ್ದಿ ಒಂದಿತ್ತು. ಅವನು ಕಂಡದ್ದೇ ಹೌದೋ ಅಲ್ಲವೋ ಹೇಳುವಂತಿರಲಿಲ್ಲ, ಏಕೆಂದರೆ ಜಾಗದ ಹೆಸರನ್ನು ನಾನೇ ಕತ್ತರಿಸಿದ್ದೆ. ನಾಲ್ಕು ಸಾಲು, ಅಂದೆ. ನಾದಿಯಾ ಹಾಗೆಯೇ ಕಳಿಸಿದರು.

ನಾನೂ ಅವನನ್ನು ಒಂದು ಕೇಳಿದೆ, ಕೇಳದಿದ್ದರೆ ನನ್ನ ಕೆಲಸಕ್ಕೆ ಅರ್ಥವಿಲ್ಲ. ಯುದ್ಧದ ಮೊದಲ ದಿನ ನೀವು ಏನು ನೋಡಿದಿರಿ ಎಂದು. ನಾದಿಯಾ ನನ್ನ ಮುಖ ನೋಡಿದರು. ಆದರೂ ಟೈಪ್ ಮಾಡಿದರು. ಅರ್ಧ ಗಂಟೆಯ ನಂತರ ಅವನ ಉತ್ತರ ಬಂತು: ಇಸ್ರೇಲಿನಿಂದ ಹಿಡಿದು ತಂದ ಒಬ್ಬನನ್ನು ನಮ್ಮ ಬೀದಿಯಲ್ಲಿ ಟ್ರಕ್ಕಿನ ಮೇಲೆ ಒಯ್ದರು. ಜನ ಕೂಗುತ್ತಿದ್ದರು. ನಾನು ಫೋಟೊ ತೆಗೆದೆ. ಅವನಿಗೂ ಮನೆಯಲ್ಲಿ ತಾಯಿ ಇರಬಹುದು ಎಂದು ಆ ದಿನ ನನಗೆ ಹೊಳೆಯಲಿಲ್ಲ. ಆಮೇಲೆ ಬಹಳ ಸಲ ಹೊಳೆದಿದೆ. ಇದನ್ನೂ ಬರೆದುಕೊಳ್ಳಿ.

ನೀರಿನ ಸಾಲಿನದನ್ನೂ ಇದನ್ನೂ ಬರೆದುಕೊಂಡೆ. ಸವಿತಾ ಅಷ್ಟರಲ್ಲಿ ಅಡುಗೆಮನೆಯಲ್ಲಿ ನಾದಿಯಾಗೆ ತಟ್ಟೆ ಹಾಕಿ ಬಡಿಸುತ್ತಿದ್ದಳು. ಸಾರು ಖಾರವಾಗಿ ನಾದಿಯಾ ಕೆಮ್ಮಿದರು, ಆದರೂ ಇನ್ನೊಮ್ಮೆ ಹಾಕಿಸಿಕೊಂಡರು.

ಸಂಘದ ಸಭೆ

ಶುಕ್ರವಾರ ಒಂದು ಶಾಲೆಯ ಸಭಾಂಗಣದಲ್ಲಿ ರಾಜ್ಯೋತ್ಸವ. ನಾಡಗೀತೆ ಆಯಿತು, ಮಕ್ಕಳ ಕುಣಿತ ಆಯಿತು. ಮೈಸೂರು, ಮಂಗಳೂರು, ಬಾಗಲಕೋಟೆಯ ಕನ್ನಡಗಳೆಲ್ಲ ಒಂದೇ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದವು. ಭಾಷಣದಲ್ಲಿ ಯೂಸುಫ್ ಹೇಳಿದ್ದನ್ನು ಓದುತ್ತೇನೆ ಎಂದು ನಾನು ಕಾರ್ಯದರ್ಶಿಗೆ ಮೊದಲೇ ತಿಳಿಸಿದ್ದೆ. ಮೈಸೂರಿನ ಕಡೆಯ ಬ್ಯಾಂಕ್ ಅಧಿಕಾರಿ, ಮೃದು ಮಾತಿನವರು. "ಮೇಡಂ, ತಪ್ಪು ತಿಳೀಬೇಡಿ. ಸಭೆಗೆ ಅನುಮತಿ ತಗೊಂಡಿರೋದು ಸಾಂಸ್ಕೃತಿಕ ಕಾರ್ಯಕ್ರಮ ಅಂತ. ನೀವು ಹೋಗ್ಬಿಡ್ತೀರಿ, ನಾವಿಲ್ಲೇ ಇರ್ಬೇಕು," ಅಂದರು.

ಬಸವರಾಜನ ಇಕಾಮಾ, ಅಂದರೆ ಇಲ್ಲಿರಲು ಕೊಡುವ ಪರವಾನಗಿ, ಮುಂದಿನ ತಿಂಗಳು ನವೀಕರಣವಾಗಬೇಕಿತ್ತು. ಅವನು ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ. ನಾನು ಕನ್ನಡ ಪತ್ರಿಕೆಗಳ ಭಾಷೆ ಬದಲಾದ ಬಗೆಯನ್ನು ಕುರಿತು ಅರ್ಧ ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು.

ಹುಬ್ಬಳ್ಳಿ

ಊರಿಗೆ ಬಂದ ಮೇಲೆ ಯೂಸುಫ್ ಹೇಳಿದ್ದನ್ನು ಅವನ ಹೆಸರು ಮರೆಮಾಚಿ ಭಾನುವಾರದ ಪುರವಣಿಗೆ ಬರೆದೆ, ಟ್ರಕ್ಕಿನ ಮೇಲೆ ಒಯ್ದವನ ಮಾತನ್ನೂ ಸೇರಿಸಿ. ಕೆಲವರು ಒಂದು ಭಾಗಕ್ಕೆ ಸಿಟ್ಟಾಗಿ ಫೋನ್ ಮಾಡಿದರು, ಕೆಲವರು ಇನ್ನೊಂದು ಭಾಗಕ್ಕೆ. ನಾದಿಯಾ ಮತ್ತು ಸವಿತಾ ಆಗಾಗ ಭೇಟಿಯಾಗುತ್ತಾರಂತೆ. ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಎಂದು ಕೇಳಿದರೆ ಸವಿತಾಗೆ ಹೇಳಲು ಬರಲಿಲ್ಲ.

ಎರಡು ತಿಂಗಳಾಗಿರಬಹುದು. ಒಂದು ಸಂಜೆ ಪುಟ ಕಟ್ಟುತ್ತಿದ್ದಾಗ ಏಜೆನ್ಸಿಯ ಸುದ್ದಿ ಬಂತು. ಗಾಜಾದಲ್ಲಿ ಕಾರೊಂದರ ಮೇಲೆ ದಾಳಿ, ಸ್ಥಳೀಯ ಪತ್ರಕರ್ತನೊಬ್ಬ ಸಾವು, ಹೆಸರು ತಿಳಿದಿಲ್ಲ. ಜಾಗ ಯೂಸುಫ್ ಇದ್ದ ಕಡೆಯದೇ. ನಾದಿಯಾಗೆ ಬರೆದೆ. ಸಂದೇಶ ತಲುಪಿತು, ಉತ್ತರ ಬರಲಿಲ್ಲ. ಪುಟವನ್ನು ಅಚ್ಚಿಗೆ ಬಿಡಲು ಇಪ್ಪತ್ತು ನಿಮಿಷ ಇತ್ತು. ಉಳಿದ ಸುದ್ದಿಗಳನ್ನೆಲ್ಲ ಕೂರಿಸಿ ಆ ಜಾಗವೊಂದನ್ನು ಖಾಲಿ ಇಟ್ಟುಕೊಂಡು ಕುಳಿತೆ. ಮುಖ್ಯ ಉಪಸಂಪಾದಕರು ಎರಡು ಸಲ ಬಂದು ಹೋದರು.

ಉತ್ತರ ಎರಡು ಸಾಲಿನಲ್ಲಿ ಬಂತು. ಮೊದಲನೆಯದು: ಅವನಲ್ಲ. ಓದಿ ಎಷ್ಟು ಸಂತೋಷವಾಯಿತೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಎರಡನೆಯದು ಬಂದದ್ದು ಒಂದು ನಿಮಿಷ ತಡವಾಗಿ: ಸತ್ತದ್ದು ಅವನ ಗೆಳೆಯ, ಆ ಹುಡುಗನ ತಾಯಿಗೆ ಹೇಳಲು ಯೂಸುಫ್ ಈಗ ಅವರ ಡೇರೆಯ ಹೊರಗೆ ನಿಂತಿದ್ದಾನೆ, ಒಳಗೆ ಹೋಗಲು ಅವನಿಗೆ ಆಗುತ್ತಿಲ್ಲ.